ಬೇಲಾ ತಂದ ಐವತ್ತು ಸಹಿ

ಮಗಳ ಹೆಸರು ಶ್ವೇತಭವನದಿಂದ ಹೊರಬಿದ್ದ ದಿನ ಬೇಲಾ ಬೆರ್ತೋಕ್ ಮಾಂಸದಂಗಡಿಗೆ ಹೋಗಿ ಒಂದು ಕೋಳಿ ಕೇಳುವ ಕಡೆ ಎರಡು ಕೇಳಿದ. ಯಾಕೆ ಎರಡು ಅಂತ ಅಂಗಡಿಯವನು ಕೇಳಲಿ ಎಂದು ಕಾದ. ಅವನು ಕೇಳಲಿಲ್ಲ. ಆಗ ಬೇಲಾ ತಾನೇ ಶುರುಮಾಡಿದ.

"ಮಾರ್ಗಿಟ್ ಫೆಡರಲ್ ಜಡ್ಜ್ ಆಗ್ತಾಳೆ. ಸಾಯೋವರೆಗೂ ಕೆಲಸ. ಯಾರಪ್ಪನೂ ತೆಗೆಯೋ ಹಾಗಿಲ್ಲ."

ಸಂಜೆಯೊಳಗೆ ಟೊಲೀಡೊದ ಪೂರ್ವದ ದಡದಲ್ಲಿರುವ ನಮ್ಮ ಹಂಗೇರಿಯನ್ನರ ಕೇರಿಗೆಲ್ಲ ಸುದ್ದಿ ಮುಟ್ಟಿತು. ಸುದ್ದಿ ಗುಟ್ಟಿನದೇನಲ್ಲ, ಪೇಪರಿನಲ್ಲೇ ಬಂದಿತ್ತು. ಆದರೆ 'ಆಗ್ತಾಳೆ' ಎನ್ನುವಂತಿರಲಿಲ್ಲ. ಅಧ್ಯಕ್ಷರು ಹೆಸರು ಕಳಿಸಿದ್ದಾರೆ, ಸೆನೆಟ್ ಒಪ್ಪಬೇಕು, ಒಪ್ಪುವವರೆಗೆ ಒಪ್ಪಿದಂತೆ ನಡೆದುಕೊಳ್ಳಬಾರದು ಅಂತ ವಾಷಿಂಗ್ಟನ್ನಿನಿಂದ ಪ್ರೆಸ್ಟನ್ ಎಂಬ ಶ್ವೇತಭವನದ ಎಳೆಯ ವಕೀಲ ಫೋನಿನಲ್ಲಿ ನಾಲ್ಕು ಸಲ ಹೇಳಿದ್ದ. ಔತಣ ಬೇಡ, ಅಭಿನಂದನೆ ಬೇಡ, ಹೊಸ ಕೋರ್ಟಿನ ಕಡೆ ಸುಳಿಯುವುದೂ ಬೇಡ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ ಅಪ್ಪ" ಎಂದಳು ಮಾರ್ಗಿಟ್ ಊಟದ ಮೇಜಿನಲ್ಲಿ. ಅವಳಿಗೆ ಐವತ್ತೆರಡು ವರ್ಷ. ಕೌಂಟಿ ಕೋರ್ಟಿನ ಜಡ್ಜು. ದಿನವಿಡೀ ಬೇರೆಯವರ ಜಗಳ ಕೇಳಿ ಮನೆಗೆ ಬರುತ್ತಾಳೆ, ಬಂದಮೇಲೆ ಅಪ್ಪನ ಜೊತೆ ತನ್ನದನ್ನು ಶುರುಮಾಡುತ್ತಾಳೆ.

"ನಾನೇನು ಹೊಲಿದೆ? ಕೋಳಿ ತಂದೆ."

"ಎರಡು ಕೋಳಿ ಯಾಕೆ ತಂದೆ?"

"ಹಸಿವಾಗಿತ್ತು."

ಮೊಮ್ಮಗಳು ಕೊರಾ ನಕ್ಕಳು. ಹದಿನೇಳು ವರ್ಷದವಳು, ಶಾಲೆಯ ಕೊನೆಯ ವರ್ಷ. ಅವಳಪ್ಪ ವೇಡ್ ಅದೇ ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರು, ಒಳ್ಳೆಯ ಮನುಷ್ಯ, ಜಗಳ ಶುರುವಾದರೆ ಪಾತ್ರೆ ತೊಳೆಯಲು ಎದ್ದುಹೋಗುವ ಜಾತಿ. ಮನೆ ಬೇಲಾನದು. ಹೆಂಡತಿ ತೀರಿಕೊಂಡ ಮೇಲೆ ಮಗಳು, ಅಳಿಯ ಬಂದು ಸೇರಿಕೊಂಡರು. ಅಡುಗೆ ಮಾತ್ರ ಮುದುಕ ಯಾರಿಗೂ ಬಿಟ್ಟುಕೊಟ್ಟಿಲ್ಲ. ಗಾಜಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕುಲುಮೆ ನೋಡಿಕೊಂಡವನಿಗೆ ಒಲೆ ಯಾವ ಲೆಕ್ಕ ಎನ್ನುತ್ತಾನೆ.

ಮಾರ್ಗಿಟ್ ಹತ್ತಿದ ಏಣಿಯ ಕಥೆ ಕೇರಿಗೆಲ್ಲ ಬಾಯಿಪಾಠ. ಹೇಳುವವನು ಬೇಲಾನೇ, ಆದ್ದರಿಂದ ಪ್ರತಿ ಸಲ ಒಂದೊಂದು ಮೆಟ್ಟಿಲು ಜಾಸ್ತಿಯಾಗುತ್ತದೆ. ಹಗಲು ಕೋರ್ಟಿನಲ್ಲಿ ಸಾಕ್ಷಿಗಳ ಮಾತು ಟೈಪ್ ಮಾಡುವ ಕೆಲಸ, ಸಂಜೆ ಲಾ ಕಾಲೇಜು. ಆಮೇಲೆ ದುಡ್ಡಿಲ್ಲದ ಆರೋಪಿಗಳ ವಕೀಲೆ. ಆಮೇಲೆ ಪ್ರಾಸಿಕ್ಯೂಟರ್ ಕಚೇರಿ. ಆಮೇಲೆ ಚುನಾವಣೆಗೆ ನಿಂತು ಜಡ್ಜು. ನಮ್ಮಲ್ಲಿ ಕೌಂಟಿ ಜಡ್ಜುಗಳು ಆರು ವರ್ಷಕ್ಕೊಮ್ಮೆ ಜನರ ಮುಂದೆ ಹೋಗಿ ಕೆಲಸ ಕೇಳಬೇಕು. ನಿಲ್ಲುವುದಕ್ಕೆ ಮುಂಚೆ ಐವತ್ತು ಮತದಾರರ ಸಹಿ ಇರುವ ಅರ್ಜಿ ಕೊಡಬೇಕು. ಮೂರು ಚುನಾವಣೆಗೂ ಆ ಸಹಿ ತಂದವನು ಬೇಲಾ ಒಬ್ಬನೇ. ಬೇರೆ ಯಾರಾದರೂ ಹೋಗುತ್ತೇವೆ ಎಂದರೆ ಮುಖ ಊದಿಸುತ್ತಿದ್ದ. ಅವನು ಹದಿನಾಲ್ಕನೇ ವಯಸ್ಸಿಗೆ ಬಿಟ್ಟುಬಂದ ದೇಶದಲ್ಲಿ ಅವರಪ್ಪ ಸಹಿ ಹಾಕಿದ್ದು ಪೊಲೀಸರು ಮುಂದಿಟ್ಟ ಕಾಗದಕ್ಕೆ ಮಾತ್ರ.

ಈ ಮೂರನೇ ಅವಧಿ ಬರುವ ವರ್ಷ ಮುಗಿಯುತ್ತಿತ್ತು. ಮತ್ತೆ ನಿಲ್ಲುವುದಾದರೆ ಫೆಬ್ರವರಿ ಮೊದಲ ಬುಧವಾರ ಸಂಜೆ ನಾಲ್ಕರೊಳಗೆ ಅರ್ಜಿ ಕೊಡಬೇಕು. ಅಷ್ಟರೊಳಗೆ ವಾಷಿಂಗ್ಟನ್ನಿನ ಕೆಲಸ ಮುಗಿಯುತ್ತದೆ ಎಂದು ಸೆಪ್ಟೆಂಬರಿನಲ್ಲಿ ಎಲ್ಲರೂ ನಂಬಿದ್ದರು.

ಅಕ್ಟೋಬರಿನಲ್ಲಿ ನಂಬಿಕೆ ಸಡಿಲವಾಯಿತು. ಅಲ್ಲಿನ ಪದ್ಧತಿ ಹೀಗೆ: ರಾಜ್ಯದ ಇಬ್ಬರು ಸೆನೆಟರುಗಳಿಗೂ ಒಂದೊಂದು ನೀಲಿ ಚೀಟಿ ಹೋಗುತ್ತದೆ. ಇಬ್ಬರೂ 'ನಮ್ಮ ಅಡ್ಡಿಯಿಲ್ಲ' ಎಂದು ವಾಪಸು ಕಳಿಸಿದರೆ ಮುಂದಿನ ಮಾತು. ಒಬ್ಬರು ವಾರದೊಳಗೆ ಕಳಿಸಿದರು. ಇನ್ನೊಬ್ಬರು ಇಟ್ಟುಕೊಂಡು ಕೂತರು. ಬೇಡ ಎನ್ನಲಿಲ್ಲ. ಆಗಲಿ ಎನ್ನಲಿಲ್ಲ. ಯಾಕೆ ಅಂತ ಕೇಳಿದರೆ 'ಪರಿಶೀಲನೆಯಲ್ಲಿದೆ' ಎನ್ನುವ ಉತ್ತರ.

"ದೇವರು ಕೊಟ್ಟರೂ ಪೂಜಾರಿ ಕೊಡ್ಲಿಲ್ಲ" ಎಂದ ವೇಡ್.

ಪ್ರೆಸ್ಟನ್ ಗುರುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಒಂದು ಸಲ ಮಾರ್ಗಿಟ್ ಆಲೂಗೆಡ್ಡೆ ಹೆರೆಯುತ್ತಿದ್ದವಳು ಕೈ ಒದ್ದೆ ಅಂತ ಸ್ಪೀಕರಿಗೆ ಹಾಕಿದಳು.

"ಜಡ್ಜ್ ಬೆರ್ತೋಕ್, ನಾವು ತುಂಬಾ ಭರವಸೆಯಿಂದ ಇದ್ದೀವಿ. ಹಾಗಂತ ನೀವು ಭರವಸೆ ಇಟ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಆದ್ರೆ ಬಿಡಿ ಅಂತಾನೂ ಹೇಳಲ್ಲ."

ಫೋನ್ ಇಟ್ಟಮೇಲೆ ಬೇಲಾ ಕೇಳಿದ: "ಇವ್ನು ಹೌದು ಅಂದ್ನೋ, ಇಲ್ಲ ಅಂದ್ನೋ?"

"ಎರಡೂ ಅಂದ ತಾತ" ಎಂದಳು ಕೊರಾ.

"ಅಡ್ಡಗೋಡೆ ಮೇಲೆ ದೀಪ ಇಡೋಕೆ ಇವನಿಗೆ ಸರ್ಕಾರ ಸಂಬಳ ಕೊಡುತ್ತಾ?"

ಸಂಬಳ ಕೊಡುವುದು ಅದಕ್ಕೇ ಇರಬೇಕು ಅಂತ ನನಗೂ ಅನುಮಾನ. ಈ ದೀಪದ ಬೆಳಕಿನಲ್ಲಿ ಇಡೀ ಮನೆ ತಡವರಿಸತೊಡಗಿತು. ಬೇಲಾ ನಗರಸಭೆಯ ಅಭ್ಯರ್ಥಿಯೊಬ್ಬನ ಬೋರ್ಡನ್ನು ಅಂಗಳದಲ್ಲಿ ನೆಟ್ಟಿದ್ದ. ಆ ಸೆನೆಟರಿಗೆ ನೆಪ ಸಿಗಬಾರದೆಂದು ಮಾರ್ಗಿಟ್ ಬೆಳಗಾಗೆದ್ದು ಕಿತ್ತು ಗ್ಯಾರೇಜಿಗೆ ಹಾಕಿದಳು. ಶಾಲೆಯ ಆಡಳಿತ ಮಂಡಳಿ ಬ್ಯಾಂಡಿನ ದುಡ್ಡು ಕಡಿತಮಾಡಿದಾಗ ವೇಡ್ ಸಭೆಯಲ್ಲಿ ಎದ್ದು ಮಾತಾಡಬೇಕೆಂದಿದ್ದ. ಈಗ ಬೇಡ ಎಂದಳು. ಕೊರಾ ಫೋನಿನಲ್ಲಿ ಏನಾದರೂ ಹಾಕುವ ಮುಂಚೆ ತೋರಿಸಬೇಕು. ಬೆಕ್ಕಿನ ಫೋಟೋವನ್ನೂ ತೋರಿಸಬೇಕೇ ಎಂದು ಹುಡುಗಿ ಕೇಳಿದಳು. ತೋರಿಸಬೇಕು ಎಂದಳು ತಾಯಿ. ಮುಂಬಾಗಿಲ ಜಗಲಿಯ ಮರ ಕುಂಬಾಗಿತ್ತು. ರಿಪೇರಿ ಮಾಡಿಸೋಣವೇ ಎಂದರೆ ಆ ಕೆಲಸ ಆಗುತ್ತೋ ಇಲ್ಲವೋ ನೋಡೋಣ ಎಂದಳು. ಕೊರಾ ದೂರದ ಕಾಲೇಜಿಗೆ ಹಾಕಲೇ ಎಂದರೂ ಅದೇ ಉತ್ತರ. ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗು ಎಂದು ವೇಡ್ ಹೇಳಿದಾಗಲೂ ಮಾರ್ಗಿಟ್ ಬಾಯಲ್ಲಿ "ಅದೊಂದು ತೀರ್ಮಾನ ಆಗ್ಲಿ" ಎಂದೇ ಬಂತು.

"ಹಲ್ಲಿಗೂ ಸೆನೆಟ್ ಒಪ್ಪಿಗೆ ಬೇಕಾ?" ಎಂದ ವೇಡ್. ಅವಳು ನಗಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ದಿನ ಟರ್ಕಿ ಕೊಯ್ಯುವ ಹೊತ್ತಿಗೆ ಕೌಂಟಿಯ ಪಕ್ಷದ ಅಧ್ಯಕ್ಷೆ ಫೋನ್ ಮಾಡಿದಳು. ಮಾರ್ಗಿಟ್ ಹಿತ್ತಲಿಗೆ ಹೋಗಿ ಮಾತಾಡಿ, ಮೂಗು ಕೆಂಪಾಗಿಸಿಕೊಂಡು ಬಂದಳು.

"ಏನಂತೆ?"

"ನಿಲ್ತೀಯೋ ಇಲ್ವೋ ಹೇಳು ಅಂತಾಳೆ. ನಾನು ನಿಲ್ಲದಿದ್ರೆ ಟ್ರೆವರ್ ಕ್ಲೈನ್ ನಿಲ್ತಾನಂತೆ."

"ಯಾವ ಟ್ರೆವರ್? ಬೇಸಿಗೆ ರಜೇಲಿ ನಿನ್ನ ಆಫೀಸಲ್ಲಿ ಕಾಫಿ ತಂದುಕೊಡ್ತಿದ್ದೋನಾ?" ಬೇಲಾನ ಕೈಯಲ್ಲಿ ಚಾಕು ನಿಂತಿತು.

"ಈಗ ಪ್ರಾಸಿಕ್ಯೂಟರ್ ಅಪ್ಪ. ಒಳ್ಳೇ ಹುಡುಗ."

"ಒಳ್ಳೇ ಹುಡುಗ ನಿನ್ನ ಕುರ್ಚಿ ಅಳೀತಿದಾನೆ. ನೀನು ನಿಂತುಬಿಡು. ಅದು ಬಂದ್ರೆ ಇದನ್ನ ಬಿಡು."

"ಅಷ್ಟು ಸುಲಭ ಅಲ್ಲ. ನಾನು ಅರ್ಜಿ ಹಾಕಿದ್ರೆ, ನೋಡಿ ಅವಳಿಗೇ ನಂಬಿಕೆ ಇಲ್ಲ ಅಂತ ಆ ಸೆನೆಟರ್ ಚೀಟಿ ಹರಿದುಹಾಕ್ತಾನೆ."

"ಹಾಕದಿದ್ರೆ?" ಎಂದಳು ಕೊರಾ.

"ಹಾಕದೆ, ಅದೂ ಆಗದಿದ್ರೆ, ಮುಂದಿನ ವರ್ಷ ಕೊನೆಗೆ ನಾನು ಮನೇಲಿ."

"ಅಪ್ಪನ ಸಂಬಳದಲ್ಲಿ ನಾವೆಲ್ಲ?"

"ಥ್ಯಾಂಕ್ಸ್" ಎಂದ ವೇಡ್.

ಐವತ್ತೆರಡರಲ್ಲಿ ಹೊಸದಾಗಿ ಬೋರ್ಡು ಹಾಕಿ ಕಕ್ಷಿದಾರರನ್ನು ಕಾಯುವುದೇನು ಮಕ್ಕಳಾಟವೇ? ಅತ್ತ ದರಿ ಇತ್ತ ಪುಲಿ. ಮಾರ್ಗಿಟ್ ಪ್ರೆಸ್ಟನ್ನನನ್ನು ನೇರವಾಗಿ ಕೇಳಿದಳು: ನಾನು ಕೌಂಟಿಗೆ ಅರ್ಜಿ ಹಾಕಬಹುದೇ? ಹಾಕಬಾರದೆಂಬ ನಿಯಮವಿಲ್ಲ ಎಂದ. ಹಾಗಾದರೆ ಹಾಕಲೇ? ಅದನ್ನು ನಾನು ಹೇಳಲಾರೆ ಎಂದ. ಹಾಕಿದರೆ ತೊಂದರೆಯಾಗುತ್ತದೆಯೇ? ಕೆಲವರು ಬೇರೆ ರೀತಿ ಅರ್ಥ ಮಾಡಿಕೊಳ್ಳಬಹುದು ಎಂದ. ಯಾರು? ಅದನ್ನೂ ನಾನು ಹೇಳಲಾರೆ ಎಂದ. ದಿನಕ್ಕೆ ಹತ್ತು ಜನರ ಪ್ರಶ್ನೆಗೆ ಹೌದು, ಇಲ್ಲ ಎಂದು ತೀರ್ಪು ಕೊಡುವ ಹೆಂಗಸು ತನ್ನದೊಂದೇ ಪ್ರಶ್ನೆಗೆ ಉತ್ತರ ಸಿಗದೆ ಅಂದು ಸಂಜೆ ಒಲೆಯ ಒಳಗೆಲ್ಲ ತಂತಿಬ್ರಶ್ಶಿನಲ್ಲಿ ಉಜ್ಜಿದಳು. ಒಲೆ ಗಲೀಜಾಗಿರಲಿಲ್ಲ.

ಡಿಸೆಂಬರಿನಲ್ಲಿ ಮಾತ್ರ ಬೇಲಾ ಹಠಾತ್ತನೆ ಸಂತೋಷವಾಗಿದ್ದ. ಬೆಳಿಗ್ಗೆ ಕಾಫಿ ಕುಡಿದು, ಕಿವಿ ಮುಚ್ಚುವ ಟೊಪ್ಪಿ ಹಾಕಿ, ಊರುಗೋಲು ಹಿಡಿದು ಹೊರಟರೆ ಮಧ್ಯಾಹ್ನಕ್ಕೆ ಬರುತ್ತಿದ್ದ. ಎಲ್ಲಿಗೆ ಎಂದರೆ "ನಡೀಬೇಕು ಅಂತ ಡಾಕ್ಟರ್ ಹೇಳಿಲ್ವಾ" ಎನ್ನುತ್ತಿದ್ದ. ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು.

ಕ್ರಿಸ್ಮಸ್ಸಿಗೆ ಹಿಂದಿನ ಭಾನುವಾರ ಗಸಗಸೆ ಸುರುಳಿ ರೊಟ್ಟಿ ಕೊಯ್ದು ಎಲ್ಲರ ತಟ್ಟೆಗೂ ಹಾಕಿದ ಮೇಲೆ ಕೋಟಿನ ಒಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮಗಳ ಮುಂದಿಟ್ಟ.

"ಕ್ರಿಸ್ಮಸ್ ಉಡುಗೊರೆ."

ಒಳಗೆ ಅರ್ಜಿ. ಐವತ್ತೇಳು ಸಹಿ. ಚರ್ಚಿನ ನೆಲಮಾಳಿಗೆಯಲ್ಲಿ ಶ್ಯಾವಿಗೆ ಹೊಸೆಯುವ ಅಜ್ಜಿಯರು, ಕ್ಷೌರದಂಗಡಿಯವನು, ಹಳೆ ಕಾರ್ಖಾನೆಯ ಗೆಳೆಯರು, ಯಾರದೋ ತಿಥಿಯ ಊಟಕ್ಕೆ ಬಂದಿದ್ದವರು.

ಮಾರ್ಗಿಟ್ ಮೊದಲ ಪುಟ ನೋಡಿದಳು. ಮೇಲ್ಗಡೆ ಅಭ್ಯರ್ಥಿಯ ಸಹಿ ಇರಬೇಕಾದ ಜಾಗ ಖಾಲಿ.

"ಅಪ್ಪ, ಇದೇನು ಮಾಡ್ಕೊಂಡು ಬಂದೆ?"

"ನೀನು ಎರಡು ಮನಸ್ಸಲ್ಲಿದ್ದೆ. ನಾನು ಕೆಲಸ ಮುಗಿಸಿಟ್ಟೆ. ಬೇಕಾದ್ರೆ ಕೊಡು, ಬೇಡದಿದ್ರೆ ಇಟ್ಕೋ."

"ಮೊದಲು ನಾನು ಸಹಿ ಹಾಕ್ಬೇಕು. ಆಮೇಲೆ ಜನ. ಗೊತ್ತಿಲ್ವಾ ನಿನಗೆ? ಮೂರು ಸಲಾನೂ ಇದೇ ಮೇಜಿನ ಮೇಲೆ ನನ್ನ ಹತ್ರ ಸಹಿ ಹಾಕಿಸ್ಕೊಂಡೇ ಹೋಗಿದ್ದೆಯಲ್ಲ!"

"ಗೊತ್ತು."

"ಗೊತ್ತಿದ್ದೂ?"

"ಮೇಲ್ಗಡೆ ಜಾಗ ಬಿಟ್ಟಿದೀನಿ. ಹಿಂದಿನ ತಾರೀಖು ಹಾಕಿ ಗೀಚು. ಪೆನ್ನು ನಿಂದು, ತಾರೀಖೂ ನಿಂದೇ."

ಪಾತ್ರೆ ತೊಳೆಯಲು ವೇಡ್ ಅರ್ಧ ಎದ್ದವನು ಹೆಂಡತಿಯ ಮುಖ ನೋಡಿ ಕೂತ.

"ತಾರೀಖಿನ ಮಾತು ಹಾಗಿರ್ಲಿ" ಎಂದಳು ಮಾರ್ಗಿಟ್. "ಐವತ್ತೇಳು ಮನೆ! ಐವತ್ತೇಳು ಬಾಯಿ! ನಾನು ಮತ್ತೆ ನಿಲ್ತಿದೀನಿ ಅಂತ ಇವತ್ತು ಟೊಲೀಡೊಗೆಲ್ಲ ಗೊತ್ತು. ಇದು ರಾಜಧಾನಿ ಕೊಲಂಬಸ್ಸಿಗೆ ಹೋಗಲ್ವಾ? ವಾಷಿಂಗ್ಟನ್ನಿಗೆ ಹೋಗಲ್ವಾ? ನನ್ನ ಮೂವತ್ತು ವರ್ಷದ ಕೆಲಸ ಅಪ್ಪ ಅದು. ಒಂದೇ ಒಂದು ಸಲ ಸುಮ್ಮನಿರು ಅಂತ ಕೇಳ್ಕೊಂಡಿದ್ದೆ."

"ಸುಮ್ಮನಿದ್ದು ಏನು ಸಿಕ್ತು ನಿನಗೆ? ಮೂರು ತಿಂಗಳಿಂದ ಎಲ್ಲರ ಬಾಯಿಗೂ ಬೀಗ. ನನ್ನ ಮನೇಲಿ ನಾನು ಒಂದು ಬೋರ್ಡ್ ನೆಡೋ ಹಾಗಿಲ್ಲ."

"ನಿನ್ನ ಮನೆ ಅಂತ ಇವತ್ತು ನೆನಪಾಯ್ತಾ?"

"ನೆನಪಿತ್ತು. ಹೇಳಿರ್ಲಿಲ್ಲ."

ಅರ್ಜಿಯನ್ನು ಕವರಿಗೆ ಹಾಕಿ ಅಪ್ಪನ ಕಡೆ ತಳ್ಳಿ ಅವಳು ಮೇಲೆ ಹೋದಳು. ಬೇಲಾ ಕೈತೊಳೆದುಕೊಂಡು ತನ್ನ ಪಾಲಿನ ರೊಟ್ಟಿ ತಿಂದ, ಮಗಳದನ್ನೂ ತಿಂದ. ತಿನ್ನುವಾಗ ಅವನ ಕಣ್ಣಲ್ಲಿ ನೀರಿತ್ತು ಅಂತ ಕೊರಾ ಆಮೇಲೆ ಅಪ್ಪನಿಗೆ ಹೇಳಿದಳು. ಗಸಗಸೆ ಗಂಟಲಿಗೆ ಹೋಗಿರಬೇಕು ಎಂದ ವೇಡ್. ಅವನಿಗೂ ಗೊತ್ತಿತ್ತು ಅದಲ್ಲ ಎಂದು.

ಹೊಸವರ್ಷದ ಮೊದಲ ವಾರ ಸೆನೆಟ್ ಅಧಿವೇಶನ ಮುಗಿಸಿ, ತೀರ್ಮಾನವಾಗದ ಹೆಸರುಗಳನ್ನೆಲ್ಲ ಅಧ್ಯಕ್ಷರಿಗೆ ವಾಪಸು ಕಳಿಸಿತು. ಅದರಲ್ಲಿ ಮಾರ್ಗಿಟ್ ಹೆಸರೂ ಇತ್ತು. ಪ್ರೆಸ್ಟನ್ ಫೋನ್ ಮಾಡಿ, ಇದು ಪ್ರತಿ ವರ್ಷದ ಪದ್ಧತಿ, ಗಾಬರಿಯಾಗಬೇಡಿ, ಮತ್ತೆ ಕಳಿಸುತ್ತಾರೆ ಎಂದ. ಯಾವಾಗ ಎಂದರೆ ಬೇಗ ಎಂದ. ಎರಡು ವಾರವಾಯಿತು. ಬೇರೆ ರಾಜ್ಯದವರ ಹೆಸರುಗಳು ಮತ್ತೆ ಹೋದವು. ಇವಳದು ಹೋಗಲಿಲ್ಲ.

ಮನೆಯಲ್ಲಿ ಅಪ್ಪ ಮಗಳ ಮಾತು ಉಪ್ಪು, ಕಾಳುಮೆಣಸಿಗೆ ಇಳಿದಿತ್ತು.

"ಕೊರಾ, ನಿಮ್ಮಮ್ಮನಿಗೆ ಸಾರು ಸಾಕಾ ಕೇಳು."

"ಕೊರಾ, ನಿಮ್ಮ ತಾತಂಗೆ ಸಾಕು ಅಂತ ಹೇಳು."

"ನಾನೇನು ಅಂಚೆಯವಳಾ?" ಎಂದು ಕೊರಾ ತಟ್ಟೆ ತೆಗೆದುಕೊಂಡು ಟೀವಿಯ ಮುಂದೆ ಹೋದಳು.

ಜನವರಿ ಕೊನೆಯ ಭಾನುವಾರ ವೇಡ್ ಬಾಗಿಲ ಹಿಮ ಸರಿಸುತ್ತಿದ್ದಾಗ ಮಾರ್ಗಿಟ್ ಇನ್ನೊಂದು ಸಲಿಕೆ ಹಿಡಿದು ಬಂದಳು.

"ನಾನು ಅರ್ಜಿ ಹಾಕಲ್ಲ ವೇಡ್. ನಿನ್ನೆ ಪಕ್ಷದವರಿಗೆ ಹೇಳ್ಬಿಟ್ಟೆ."

ವೇಡ್ ಸಲಿಕೆ ಊರಿ ನಿಂತ. "ಧೈರ್ಯಾನಾ, ದಣಿವಾ?"

"ಗೊತ್ತಾಗ್ತಿಲ್ಲ. ಎರಡು ದೋಣೀಲಿ ಕಾಲಿಟ್ಟು ಕಾಲು ನೋಯ್ತಿದೆ. ಒಂದನ್ನ ಬಿಟ್ಟೆ."

"ಯಾವುದು ಮುಳುಗೋ ದೋಣಿ ಅಂತ ಗೊತ್ತಿದ್ದಿದ್ರೆ ಚೆನ್ನಾಗಿತ್ತು."

"ಗೊತ್ತಿದ್ದಿದ್ರೆ ನಾನು ಯಾಕೆ ಹಿಮ ಎತ್ತುತ್ತಿದ್ದೆ?" ಎಂದು ಅವಳು ಸಲಿಕೆಯ ಹಿಮವನ್ನು ವೇಡ್ ಆಗಲೇ ಸರಿಸಿದ್ದ ಜಾಗಕ್ಕೇ ಎಸೆದಳು.

ಅರ್ಜಿ ಕೊಡಲು ಕೊನೆಯ ದಿನವಾದ ಆ ಬುಧವಾರ ಬಂತು. ಮೊಣಕಾಲುದ್ದ ಹಿಮ ಬಿದ್ದು ಶಾಲೆಗೆ ರಜ. ಕೋರ್ಟಿಗೆ ರಜವಿಲ್ಲ. ಒಂದು ದರೋಡೆ ಮೊಕದ್ದಮೆಯ ಕೊನೆಯ ವಾದ, ಹನ್ನೆರಡು ಜನ ಜ್ಯೂರಿ ಬೂಟು ಒದ್ದೆ ಮಾಡಿಕೊಂಡು ಬಂದು ಕೂತಿದ್ದರು. ಊಟದ ಬಿಡುವಿಗೆ ಮಾರ್ಗಿಟ್ ತನ್ನ ಕೋಣೆಗೆ ಬಂದು ಡಬ್ಬಿ ತೆರೆಯುವಷ್ಟರಲ್ಲಿ ಪ್ರೆಸ್ಟನ್ ಫೋನು. ಗುರುವಾರವಲ್ಲ, ಬುಧವಾರ. ಅವಳಿಗೆ ಅಷ್ಟರಲ್ಲೇ ತಿಳಿಯಿತು.

"ಅಧ್ಯಕ್ಷರು ನಿಮ್ಮ ಹೆಸರು ಮತ್ತೆ ಕಳಿಸ್ತಿಲ್ಲ. ನಿಮ್ಮ ತಾಳ್ಮೆಗೆ ನಾವೆಲ್ಲ ತುಂಬಾ ಋಣಿ."

"ಕಾರಣ?"

"ಒಂದೇ ಕಾರಣ ಅಂತ ಇರಲ್ಲ ಜಡ್ಜ್. ಸಮಯ... ಚೀಟಿ... ಡಿಸೆಂಬರಲ್ಲಿ ನಿಮ್ಮ ಕೌಂಟೀಲಿ ಏನೋ ಅರ್ಜಿ ಓಡಾಡ್ತಿತ್ತು ಅಂತ ಸೆನೆಟರ್ ಕಚೇರಿಯವರು ಒಮ್ಮೆ ಅಂದಿದ್ರು. ಅದೇ ಕಾರಣ ಅಂತ ನಾನು ಹೇಳ್ತಿಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ."

ಅವಳು ವೇಡ್‌ಗೆ ಫೋನ್ ಮಾಡಿ, ಹೋಯಿತು ಎಂದಳು. ಅಷ್ಟೇ ಹೇಳಿದಳು. ವೇಡ್ ಅಡುಗೆಮನೆಯಲ್ಲಿದ್ದ ಮಾವನಿಗೆ ಹೇಳಿದ. ಬೇಲಾ ಒಲೆ ಆರಿಸಿದ, ಟೊಪ್ಪಿ ಹಾಕಿದ, "ಕಾರು ತೆಗಿ" ಎಂದ.

ಕೋರ್ಟಿನ ಕೋಣೆಯಲ್ಲಿ ಮುದುಕ ಬೂಟಿನ ಹಿಮವನ್ನೂ ಕೊಡವದೆ ಮಗಳ ಮೇಜಿನ ಮೇಲೆ ಆ ಹಳೇ ಕವರು ಇಟ್ಟ. ಕ್ರಿಸ್ಮಸ್ ಆದಮೇಲೆ ಅವನು ಅವಳ ಜೊತೆ ನೇರವಾಗಿ ಆಡಿದ ಮೊದಲ ಮಾತು ಇದು:

"ಹಾಕು ಸಹಿ."

"ಅಪ್ಪ, ಬೇಡ."

"ಮಾರ್ಗಿಟ್, ನಾಲ್ಕು ಗಂಟೆಗೆ ಬಾಗಿಲು ಹಾಕ್ತಾರೆ. ಯಾರು ನೋಡ್ತಾರೆ? ಒಂದು ತಾರೀಖು. ಒಂದೇ ಒಂದು ಅಂಕಿ."

"ನಾನು ನೋಡ್ತೀನಲ್ಲ."

"ನಿನ್ನ ನೋಡೋ ಅಷ್ಟು ಪುರುಸೊತ್ತು ಯಾರಿಗಿದೆ ಹೇಳು? ಅಲ್ಲಿ ಮೂರು ತಿಂಗಳು ಒಂದು ನೀಲಿ ಕಾಗದ ಇಟ್ಕೊಂಡು ಕೂತೋರು ನಿನ್ನ ನೋಡಿದ್ರಾ? ಆ ಹುಡುಗ ನಿನ್ನ ನೋಡಿದ್ನಾ? ಅವ್ರಿಗಿಲ್ಲದ ನಿಯತ್ತು ನಿನಗ್ಯಾಕೆ?"

"ಮಾವ" ಎಂದ ವೇಡ್.

"ನೀನು ಸುಮ್ನಿರು. ಪ್ರತಿಸಲ ಸುಮ್ನಿರ್ತೀಯ, ಇವತ್ತೂ ಇರು."

ಮಾರ್ಗಿಟ್‌ಗೆ ಆ ಕ್ಷಣ ಸಹಿ ಹಾಕಿಬಿಡುವ ಆಸೆಯಾಯಿತು. ಪೆನ್ನು ಕೈಯಲ್ಲೇ ಇತ್ತು. ಕೊರಾಳ ಕಾಲೇಜು, ಜಗಲಿಯ ಮರ, ಟ್ರೆವರ್ ತನ್ನ ಕುರ್ಚಿಯಲ್ಲಿ ಕೂರುವುದು, ಎಲ್ಲವೂ ಒಂದೇ ಸಲ ನುಗ್ಗಿ ಬಂದವು. ಕೋರ್ಟಿನ ಸಿಪಾಯಿ ಬಾಗಿಲು ತಟ್ಟಿ, ಜ್ಯೂರಿ ಊಟ ಮುಗಿಸಿದ್ದಾರೆ ಎಂದ.

"ನಿನ್ನ ಹತ್ರ ಖಾಲಿ ಅರ್ಜಿ ಇದೆಯಾ ಅಪ್ಪ?"

ಇಲ್ಲದೆ ಇರುತ್ತದೆಯೇ? ಆ ಕೋಟಿನ ಒಳಜೇಬಿನಲ್ಲಿ ಹದಿನೆಂಟು ವರ್ಷದಿಂದ ಖಾಲಿ ಅರ್ಜಿ ಇದ್ದೇ ಇದೆ. ಅವಳು ಅದನ್ನು ಬಿಡಿಸಿ, ಮೇಲ್ಗಡೆ ತನ್ನ ಹೆಸರು ಬರೆದು, ಸಹಿ ಹಾಕಿ, ಅವತ್ತಿನ ತಾರೀಖು ಹಾಕಿದಳು.

"ಇದು ಸರಿಯಾದ ಅರ್ಜಿ. ಐವತ್ತು ಸಹಿ ಬೇಕು. ಆದ್ರೆ ಆಗ್ಲಿ, ಇಲ್ದಿದ್ರೆ ಇಲ್ಲ. ನನಗೆ ಜ್ಯೂರಿ ಇದೆ."

"ಈ ಹಿಮದಲ್ಲಾ? ಎರಡೂವರೆ ಗಂಟೇಲಾ?"

"ನೀನಲ್ದೆ ಇನ್ಯಾರಿಗೂ ಆಗಲ್ಲ" ಎಂದು ಕಪ್ಪು ನಿಲುವಂಗಿಯ ಗುಂಡಿ ಹಾಕಿಕೊಂಡು ಅವಳು ಒಳಗೆ ಹೋದಳು.

ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಅಜ್ಜಿಯರು ಮದುವೆ ಮನೆಗಳ ಕೋಳಿಸಾರಿಗೆ ಹಾಕುವ ಶ್ಯಾವಿಗೆ ಹೊಸೆಯುವ ದಿನ. ಹಿಮವಿರಲಿ, ಪ್ರಳಯವಿರಲಿ ತಪ್ಪುವುದಿಲ್ಲ. ಬೇಲಾ ಏದುಸಿರು ಬಿಡುತ್ತ ಮೆಟ್ಟಿಲಿಳಿದು, ಉದ್ದ ಮೇಜಿನ ತುದಿಯಲ್ಲಿ ಅರ್ಜಿ ಇಟ್ಟ.

"ಸಹಿ ಹಾಕಿ ತಾಯಂದಿರಾ. ಬೇಗ."

ಒಲ್ಗಾ ಮೊಲ್ನಾರ್ ಕನ್ನಡಕದ ಮೇಲಿಂದ ನೋಡಿದಳು. ಅವಳು ಆ ಮೇಜಿನ ಯಜಮಾನಿ, ಬೇಲಾನಿಗಿಂತ ಎರಡು ವರ್ಷ ದೊಡ್ಡವಳು. "ಡಿಸೆಂಬರಲ್ಲೇ ಹಾಕಿದ್ವಲ್ಲಪ್ಪ?"

"ಅದು ಕೆಟ್ಟುಹೋಯ್ತು."

"ಕೆಟ್ಟುಹೋಗೋಕೆ ಅದೇನು ಸಾರಾ?"

"ಒಲ್ಗಾ, ಹೊತ್ತಿಲ್ಲ."

"ನಮಗಿದೆ. ಏನು ಕೆಟ್ಟಿತು ಹೇಳು. ಮಗಳು ದೊಡ್ಡ ಕೋರ್ಟಿಗೆ ಹೋಗ್ತಾಳೆ ಅಂತ ಬೀದಿಗೆಲ್ಲ ಸಾರಿದೆ. ಆಮೇಲೆ ಇಲ್ಲಿಗೇ ನಿಲ್ತಾಳೆ ಅಂತ ಸಹಿ ತಗೊಂಡೆ. ಹೋದ ವಾರ ನಿಲ್ಲಲ್ಲ ಅಂತ ಪೇಪರಲ್ಲಿ ಬಂತು. ಇವತ್ತು ನಿಲ್ತಾಳೆ ಅಂತೀಯ. ನಮಗೆ ತಲೆ ತಿರುಗ್ತಿದೆ."

ಬೇಲಾ ಟೊಪ್ಪಿ ತೆಗೆದ. ಅವನ ಬಾಯಿಂದ ಈ ಮಾತು ನಮ್ಮ ಕೇರಿ ಯಾವತ್ತೂ ಕೇಳಿರಲಿಲ್ಲ.

"ನಾನು ತಪ್ಪು ಮಾಡ್ದೆ. ಅವಳ ಸಹಿ ಇಲ್ಲದೆ ನಿಮ್ಮ ಸಹಿ ತಗೊಂಡೆ. ಹಿಂದಿನ ತಾರೀಖು ಹಾಕು ಅಂದೆ. ಅವಳು ಹಾಕ್ಲಿಲ್ಲ. ದೊಡ್ಡ ಕೋರ್ಟಿನ ಕೆಲಸ ಇವತ್ತು ಹೋಯ್ತು. ಇದೂ ಹೋಗುತ್ತೆ ಈಗ, ನೀವು ಹೀಗೆ ಕೇಳ್ತಾ ಕೂತ್ರೆ."

ಒಲ್ಗಾ ಕೈಯ ಹಿಟ್ಟು ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಆಮೇಲೆ ಸಾಲಾಗಿ ಎಲ್ಲರೂ. ಅಲ್ಲಿಗೆ ಮೂವತ್ತು ಚಿಲ್ಲರೆ ಆಯಿತು. ಉಳಿದದ್ದಕ್ಕೆ ವೇಡ್ ಕಾರು ಜಾರಿಸಿಕೊಂಡು ಮನೆಯಿಂದ ಮನೆಗೆ ಹೋದ, ಬೇಲಾ ಹಿಮದಲ್ಲಿ ಹೂತುಕೊಂಡು ಬಾಗಿಲು ತಟ್ಟಿದ, ಪ್ರತಿ ಬಾಗಿಲಲ್ಲೂ ಅದೇ ಪ್ರಶ್ನೆ, ಅದೇ ಉತ್ತರ: ನಾನು ತಪ್ಪು ಮಾಡಿದೆ. ಒಂದು ಮನೆಯಲ್ಲಿ ಮೆಟ್ಟಿಲ ಮೇಲೆ ಬಿದ್ದ. ವೇಡ್ ಓಡಿಬಂದು ಎತ್ತಿದರೆ, "ಕಾಗದ ಒದ್ದೆ ಆಯ್ತಾ ನೋಡು" ಎಂದ. ಮಾಂಸದಂಗಡಿಯವನು ಸಹಿ ಹಾಕಿ, ಈ ಸಲ ಎಷ್ಟು ಕೋಳಿ ಅಂತ ಕೇಳಿದ. ಚುನಾವಣಾ ಕಚೇರಿಯ ಕಿಟಕಿ ಮುಚ್ಚುವ ಮುಂಚೆ ಐವತ್ತನಾಲ್ಕು ಸಹಿಯ ಅರ್ಜಿ ಒಳಗೆ ಹೋಯಿತು. ಟ್ರೆವರ್ ಕ್ಲೈನ್ ಬೆಳಿಗ್ಗೆಯೇ ಅರ್ಜಿ ಕೊಟ್ಟು ಹೋಗಿದ್ದ. ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಮೇ ತಿಂಗಳ ಚುನಾವಣೆಯಲ್ಲಿ ಇಬ್ಬರೂ ಒಂದೇ ಪಕ್ಷದೊಳಗೆ ಹೊಡೆದಾಡಬೇಕು.

ಸಂಜೆ ಬೇಲಾ ಮೊಣಕೈಗೆ ಬಟ್ಟೆ ಕಟ್ಟಿಕೊಂಡು ಕೋಳಿಸಾರು ಬಡಿಸಿದ. ಮಧ್ಯಾಹ್ನ ಆರಿಸಿಹೋದದ್ದನ್ನೇ ಮತ್ತೆ ಕುದಿಸಿದ್ದ. ಬಾಯಿ ನಿಲ್ಲಲೇ ಇಲ್ಲ. ಏಪ್ರಿಲ್‌ಗೆ ಚರ್ಚಿನಲ್ಲಿ ಊಟ ಇಡಬೇಕು, ನದಿಯ ಆಚೆ ದಡದಲ್ಲಿ ಬೋರ್ಡು ನೆಡಬೇಕು, ಗ್ಯಾರೇಜಿನಲ್ಲಿ ಹಳೇ ಬೋರ್ಡುಗಳಿವೆ, ಬಣ್ಣ ಬಳಿದರೆ ಆಯಿತು. ಬೆಕ್ಕಿನ ಫೋಟೋ ಇನ್ನು ಕೇಳದೆ ಹಾಕಬಹುದೇ ಎಂದು ಕೊರಾ ಕೇಳಿದಳು. ಹಾಕು ಎಂದಳು ಮಾರ್ಗಿಟ್. ಅವಳು ಒಂದು ಚಮಚ ಸಾರು ಕುಡಿದು ಚಮಚ ಕೆಳಗಿಟ್ಟಿದ್ದಳು. ಬೇಸಿಗೆಯವರೆಗೆ ಬಾಗಿಲು ಬಾಗಿಲಿಗೆ ಹೋಗಿ, ನನಗೆ ವೋಟು ಹಾಕಿ ಅಂತ ಹಲ್ಲು ಬಿಡಬೇಕು. ಆರು ವರ್ಷ ಆದಮೇಲೆ ಮತ್ತೆ. ಇನ್ನು ಮೇಲೆ ಯಾರನ್ನೂ ಏನನ್ನೂ ಬೇಡಬೇಕಾಗಿಲ್ಲ ಎಂದು ಸೆಪ್ಟೆಂಬರಿನಲ್ಲಿ ಒಂದು ದಿನ ಅವಳಿಗೆ ಅನಿಸಿತ್ತು.

"ನಿನಗೆ ಸಂತೋಷ ಆಗಿದೆ ಅಲ್ವಾ ಅಪ್ಪ?"

ಬೇಲಾ ಸೌಟು ಹಿಡಿದೇ ಯೋಚಿಸಿದ. "ಆಗಿದೆ. ಯಾಕೆ ಬಚ್ಚಿಡ್ಲಿ? ನೀನು ಅಲ್ಲಿಗೆ ಹೋಗಿದ್ರೆ ನಾನೇನು ಮಾಡ್ಬೇಕಿತ್ತು? ಸಹಿ ಬೇಕಿಲ್ಲ, ವೋಟು ಬೇಕಿಲ್ಲ. ಸಾರು ಮಾಡಿಕೊಂಡು ಬಿದ್ದಿರ್ಬೇಕಿತ್ತು."

"ಮಾವ!" ಎಂದ ವೇಡ್.

"ಕೇಳಿದ್ಳು, ಹೇಳ್ದೆ." ಅವನು ಕುರ್ಚಿ ಎಳೆದು ಕೂತ. ಬಡಬಡ ಮಾತು ನಿಂತಿತು. ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡತೊಡಗಿದ. "ಒಂದು ಕೇಳ್ತೀನಿ. ನಾನು ಡಿಸೆಂಬರಲ್ಲಿ ಮನೆ ಮನೆ ಸುತ್ತಿದ್ದಕ್ಕೇ ಅದು ಹೋಯ್ತಾ?"

ಪ್ರೆಸ್ಟನ್ ಹೇಳಿದ್ದು ಅವಳಿಗೊಬ್ಬಳಿಗೇ ಗೊತ್ತು. ಹೌದೋ ಅಲ್ಲವೋ ಅದು ಅವಳಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

"ಇಲ್ಲ ಅಪ್ಪ" ಎಂದಳು ಮಾರ್ಗಿಟ್.

"ಆ ಹುಡುಗ ಏನಂದ?"

"ಟೈಮ್ ಸಾಲಲಿಲ್ಲ ಅಂದ."

"ನನ್ನ ಸುದ್ದಿ ಎತ್ತಲಿಲ್ವಾ?"

"ಇಲ್ಲ. ಅರ್ಜಿ ವಿಷ್ಯ ಅವ್ರಿಗೆ ಗೊತ್ತೇ ಇರ್ಲಿಲ್ಲ."

ಬೇಲಾ ಮಗಳ ಮುಖವನ್ನೇ ನೋಡಿದ. ಆಮೇಲೆ ಅವನ ಭುಜ ಇಳಿಯಿತು. ಒಟ್ಟುಮಾಡಿದ ಚೂರುಗಳನ್ನು ಬಾಯಿಗೆ ಹಾಕಿಕೊಂಡ.

"ಹಂಗಾದ್ರೆ ಸರಿ. ನೀನು ಇಲ್ಲ ಅಂದ್ರೆ ಇಲ್ಲ. ಕೆಲಸ ಹೋಗ್ತಿದ್ರೂ ಒಂದು ತಾರೀಖು ಸುಳ್ಳು ಬರೀದೋಳು ನೀನು."

ಮಾರ್ಗಿಟ್ ಚಮಚ ಎತ್ತಿಕೊಂಡು, ತಟ್ಟೆಯ ಮೇಲೆ ತಲೆ ಬಗ್ಗಿಸಿ, ಸಾರು ಪೂರ್ತಿ ಕುಡಿದಳು.